ಊಹೆ ಮಾಡಲು ಮೊದಲು ಹೆಸರು ಬೇಕು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಮಹಿಳಾ ಪ್ರೀಮಿಯರ್ ಲೀಗ್‌ನ ದೊಡ್ಡ ಹರಾಜು 2025ರ ನವೆಂಬರ್ 27ರಂದು ದೆಹಲಿಯಲ್ಲಿ ನಡೆಯಿತು. ಅದಕ್ಕೆ ವಾರ ಮುಂಚಿನಿಂದಲೇ ನಮ್ಮ ಕಾಮರ್ಸ್ ಹುಡುಗಿಯರ ಬೆಂಚುಗಳಲ್ಲಿ ಊಹೆಯ ಚೀಟಿಗಳು ಓಡಾಡುತ್ತಿದ್ದವು. ಒಬ್ಬೊಬ್ಬರೂ ಐದು ಆಟಗಾರ್ತಿಯರ ಹೆಸರು ಬರೆಯಬೇಕು, ಪ್ರತಿ ಹೆಸರಿನ ಮುಂದೆ ಯಾವ ತಂಡ, ಎಷ್ಟು ಬೆಲೆ ಎಂದು ಹಾಕಬೇಕು. ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ದುಡ್ಡಿಟ್ಟರೆ ಅದು ಜೂಜು, ಜೂಜು ನಮ್ಮಲ್ಲಿ ಹರಾಮ್, ಮೇಲಾಗಿ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ಮಾಡಿಯೇ ನಿಲ್ಲಿಸಿದೆ. ಗೆದ್ದವರಿಗೆ ಚಪ್ಪಾಳೆ, ಸೋತವರಿಗೆ ನಗು, ಅಷ್ಟೇ.

ಈ ಆಟದ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಚೀಟಿಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರಂ ಈ ಕಡೆಯಿಂದ ಬರುವ ನಾವು ಯಾರೂ ಈ ಕಡೆಯ ಒಬ್ಬ ಹುಡುಗಿಯ ಹೆಸರನ್ನೂ ಬರೆದಿರಲಿಲ್ಲ. ಊರಿನ ಅಭಿಮಾನ ಇಲ್ಲ ಅಂತಲ್ಲ. ಬರೆಯಲು ನಮಗೆ ಗೊತ್ತಿರುವ ಹೆಸರೇ ಇರಲಿಲ್ಲ. ಯಾಕಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಊಹೆಯ ಲೆಕ್ಕ

ಮೊದಲು ಆಟದ ಲೆಕ್ಕ ಹೇಳುತ್ತೇನೆ. ಅಕೌಂಟೆನ್ಸಿ, ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಮೂರೂ ಒಂದೇ ಕಡೆ ಸಿಗುವ ಜಾಗ ಇದು.

2023ರ ಫೆಬ್ರವರಿ 13ರಂದು ಮುಂಬೈಯಲ್ಲಿ ಮೊದಲ ಹರಾಜು ನಡೆದಾಗ ಐದು ತಂಡಗಳ ಕೈಯಲ್ಲೂ ತಲಾ 12 ಕೋಟಿ ಇತ್ತು. ಒಂದು ತಂಡದಲ್ಲಿ ಹೆಚ್ಚೆಂದರೆ 18 ಜನ. ಅಂದರೆ ದೇಶ ವಿದೇಶ ಎಲ್ಲ ಸೇರಿ 90 ಸೀಟು. 87 ಜನರನ್ನು ಕೊಂಡರು, 59.5 ಕೋಟಿ ಖರ್ಚಾಯಿತು. ಭಾಗಿಸಿದರೆ ತಲೆಗೆ ಸುಮಾರು 68 ಲಕ್ಷ. ಆದರೆ ಆ 68 ಲಕ್ಷವನ್ನು ನಂಬಿ ಚೀಟಿ ಬರೆದವರು ಕೆಡುತ್ತಾರೆ. ಸ್ಮೃತಿ ಮಂದಾನ ಒಬ್ಬರಿಗೇ ನಮ್ಮ ಆರ್‌ಸಿಬಿ 3.40 ಕೋಟಿ ಕೊಟ್ಟಿತು. ಕೈಯಲ್ಲಿದ್ದ ದುಡ್ಡಿನ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಒಂದೇ ಹೆಸರಿಗೆ ಹೋಯಿತು. ಇನ್ನೊಂದು ತುದಿಯಲ್ಲಿ ಎಷ್ಟೋ ಹುಡುಗಿಯರು 10 ಲಕ್ಷದ ಮೂಲಬೆಲೆಗೇ ಹೋದರು. ಸರಾಸರಿ ಬೇರೆ, ಮಧ್ಯಾಂಕ ಬೇರೆ ಎಂದು ಕ್ಲಾಸಿನಲ್ಲಿ ಬಾಯಿಪಾಠ ಮಾಡುತ್ತೇವಲ್ಲ, ಅದು ಅರ್ಥ ಆಗಬೇಕಾದರೆ ಈ ಪಟ್ಟಿ ನೋಡಿದರೆ ಸಾಕು.

ಎರಡನೆಯದು, ಹೆಸರು ಬರುವ ಸರದಿ. ಅದೇ ಹರಾಜಿನಲ್ಲಿ ಭಾರತದ ನಾಯಕಿ ಹರ್ಮನ್‌ಪ್ರೀತ್ ಕೌರ್ ಮುಂಬೈಗೆ 1.8 ಕೋಟಿಗೆ ಸಿಕ್ಕರು. ದೀಪ್ತಿ ಶರ್ಮಾಗೆ 2.6 ಕೋಟಿ ಬಂತು. ನಾಯಕಿಗಿಂತ ಬೇರೆಯವರಿಗೆ ಯಾಕೆ ಜಾಸ್ತಿ? ಬೆಲೆ ಅಂದರೆ ಯೋಗ್ಯತೆಯ ಅಂಕ ಅಲ್ಲ. ಆ ಕ್ಷಣದಲ್ಲಿ ಯಾರ ಕೈಯಲ್ಲಿ ಎಷ್ಟು ದುಡ್ಡಿದೆ, ಯಾರಿಗೆ ಯಾವ ಜಾಗ ಖಾಲಿ ಇದೆ, ಎದುರಿಗೆ ಕೂಗುವವರು ಎಷ್ಟು ಜನ ಎಂಬುದರ ಮೇಲೆ ಅದು ನಿಲ್ಲುತ್ತದೆ. ರಸೆಲ್ ಮಾರ್ಕೆಟ್‌ನಲ್ಲಿ ರಂಜಾನ್ ತಿಂಗಳ ಸಂಜೆ ಖರ್ಜೂರ, ಹಣ್ಣು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಫ್ತಾರ್‌ಗೆ ಒಂದು ಗಂಟೆ ಮುಂಚೆ ಇದ್ದ ಬೆಲೆ, ಅಜಾನ್ ಆದ ಮೇಲೆ ಇರುವುದಿಲ್ಲ. ಹಣ್ಣು ಅದೇ.

ಮೂರನೆಯದು, ಲೆಕ್ಕದ ಜಾಣತನ. 2025ರ ಹರಾಜಿಗೆ ಮುಂಚೆ ಯುಪಿ ವಾರಿಯರ್ಸ್ ದೀಪ್ತಿ ಶರ್ಮಾ ಅವರನ್ನು ಉಳಿಸಿಕೊಳ್ಳದೆ ಬಿಟ್ಟಿತು. ಅದೇ ನವೆಂಬರ್ 2ರಂದು ಭಾರತ ವಿಶ್ವಕಪ್ ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಆಗಿದ್ದವರು ಅವರೇ. ಹರಾಜಿನಲ್ಲಿ ಡೆಲ್ಲಿ ತಂಡ ಬೆಲೆ ಏರಿಸಿತು. ಹಳೆಯ ತಂಡಕ್ಕೆ ಅದೇ ಬೆಲೆ ಕೊಟ್ಟು ವಾಪಸ್ ಪಡೆಯುವ ಹಕ್ಕು ಇತ್ತು. ಯುಪಿ ಅದನ್ನು ಚಲಾಯಿಸಿ 3.2 ಕೋಟಿಗೆ ಅವರನ್ನು ಕರೆದುಕೊಂಡಿತು. ಉಳಿಸಿಕೊಂಡಿದ್ದರೆ ಮೊದಲ ಆಟಗಾರ್ತಿಗೆಂದು ನಿಗದಿಯಾಗಿದ್ದ ದರ 3.5 ಕೋಟಿ. ಬಿಟ್ಟು ಹಿಡಿದದ್ದರಲ್ಲಿ 30 ಲಕ್ಷ ಉಳಿಯಿತು. ಅದೇ ದಿನ ಆಸ್ಟ್ರೇಲಿಯಾದ ನಾಯಕಿ ಅಲಿಸಾ ಹೀಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಇಡೀ ಕ್ಲಾಸಿಗೆ ಆಶ್ಚರ್ಯ. ದೊಡ್ಡ ಹೆಸರಿದ್ದರೆ ಸಾಲದು, ತಂಡಕ್ಕೆ ಆ ಜಾಗ ಬೇಕಾಗಿರಬೇಕು.

ಹರಾಜು ಎಂಬ ಪದದ ಬಗ್ಗೆ ನಮ್ಮ ಮನೆಯಲ್ಲಿ ಒಂದು ಚರ್ಚೆಯೂ ಆಯಿತು. ಟಿವಿಯಲ್ಲಿ ನೋಡುತ್ತಿದ್ದ ನಾನಿ, "ಬಚ್ಚಿಯೋಂ ಕಾ ನೀಲಾಮ್? ತೌಬಾ!" ಎಂದು ಕಿವಿ ಮುಟ್ಟಿಕೊಂಡರು. ಅವರ ಮಾತಿನಲ್ಲಿ ಅರ್ಥ ಇಲ್ಲ ಎಂದು ನಾನು ಹೇಳುವುದಿಲ್ಲ. ಮನುಷ್ಯರ ಮುಂದೆ ಸುತ್ತಿಗೆ ಬಡಿಯುವುದು ನೋಡಲು ಚೆನ್ನಾಗಿರುವುದಿಲ್ಲ. ಆದರೆ ಅಲ್ಲಿ ಬೆಲೆ ಕಟ್ಟುವುದು ಹುಡುಗಿಗಲ್ಲ, ಆಕೆ ಆಡುವ ಒಪ್ಪಂದಕ್ಕೆ. ಹೆಸರು ಕೊಡುವುದು, ಮೂಲಬೆಲೆ ಹೇಳುವುದು ಆಕೆಯೇ. ನಾನಿಗೆ ಇದನ್ನು ಹೇಳಿದೆ. "ಅಚ್ಛಾ, ಪಗಾರ್ ಹೈ" ಎಂದು ಸುಮ್ಮನಾದರು. ಸಂಬಳ ಎಂದ ಮೇಲೆ ಯಾವ ಮನೆಯಲ್ಲೂ ತಕರಾರಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಊಹೆ ಸುಲಭ ಯಾಕೆ?

ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯೂಎನ್‌ಬಿಎನಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರ್ತಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತವೆ. ಹಿಂದಿನ ವರ್ಷಗಳಲ್ಲಿ ಸೋತ ತಂಡಗಳಿಗೆ ಮೊದಲು ಕರೆಯುವ ಅವಕಾಶ ಹೆಚ್ಚು. ಎಷ್ಟನೆಯವಳಾಗಿ ಕರೆದರು ಎಂಬುದರ ಮೇಲೆ ಸಂಬಳ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿನ ಅಭಿಮಾನಿಗಳು ಡ್ರಾಫ್ಟ್‌ಗೆ ತಿಂಗಳುಗಳ ಮುಂಚೆಯೇ ಇಡೀ ಪಟ್ಟಿಯನ್ನು ಊಹಿಸಿ ಬರೆಯುತ್ತಾರೆ. ನಮ್ಮ ಚೀಟಿಯಲ್ಲಿ ಬೆಲೆ ಊಹಿಸಬೇಕು, ಅವರ ಚೀಟಿಯಲ್ಲಿ ಸರದಿ ಊಹಿಸಬೇಕು.

2024ರ ಏಪ್ರಿಲ್ 15ರ ಡ್ರಾಫ್ಟ್‌ನಲ್ಲಿ ಇಂಡಿಯಾನಾ ಫೀವರ್ ತಂಡ ಮೊದಲನೆಯವಳಾಗಿ ಕರೆದದ್ದು ಕೇಟ್ಲಿನ್ ಕ್ಲಾರ್ಕ್ ಅವರನ್ನು. ಅದು ಯಾರಿಗೂ ಅಚ್ಚರಿ ಆಗಲಿಲ್ಲ. ಆಕೆ ಕಾಲೇಜಿನ ನಾಲ್ಕು ವರ್ಷಗಳಲ್ಲಿ 3,951 ಅಂಕ ಗಳಿಸಿದ್ದರು, ಅದು ದಾಖಲೆ. ಆ ವರ್ಷದ ಕಾಲೇಜು ಮಹಿಳಾ ಫೈನಲ್ ಪಂದ್ಯವನ್ನು ಅಮೆರಿಕದಲ್ಲಿ 1.8 ಕೋಟಿಗೂ ಹೆಚ್ಚು ಜನ ಟಿವಿಯಲ್ಲಿ ನೋಡಿದರು, ಗಂಡಸರ ಫೈನಲ್‌ಗಿಂತ ಜಾಸ್ತಿ. ಆದರೂ ಮೊದಲ ವರ್ಷ ಆಕೆಗೆ ಲೀಗ್ ಕೊಟ್ಟ ಸಂಬಳ ಸುಮಾರು 76 ಸಾವಿರ ಡಾಲರ್ ಮಾತ್ರ. ಡ್ರಾಫ್ಟ್ ನ್ಯಾಯ, ಹರಾಜು ಅನ್ಯಾಯ ಎನ್ನುವವರು ಈ ಸಂಖ್ಯೆಯನ್ನೂ ನೋಡಬೇಕು. ಕರೆದರೆ ಸೀಟು ಸಿಕ್ಕಿತು ಅಂತಲೂ ಇಲ್ಲ. ಆಗ ಲೀಗ್‌ನಲ್ಲಿದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜನ, ಒಟ್ಟು 144 ಸೀಟು. ಪ್ರತಿ ವರ್ಷ ಮೂರು ಸುತ್ತಿನಲ್ಲಿ ಹೊಸಬರು ಬರುತ್ತಿದ್ದರೆ ಹಳಬರು ಏಳಬೇಕು ಅಥವಾ ಹೊಸಬರು ಮನೆಗೆ ಹೋಗಬೇಕು.

ನನಗೆ ಮುಖ್ಯ ಅನ್ನಿಸಿದ್ದು ಆ 3,951 ಎಂಬ ಸಂಖ್ಯೆ. ಯಾರೋ ಒಬ್ಬರು ಪಂದ್ಯದ ಬದಿಯಲ್ಲಿ ಕೂತು ಒಂದೊಂದು ಬುಟ್ಟಿಯನ್ನೂ ಎಣಿಸಿ ಬರೆದಿದ್ದಾರೆ. ಎಣಿಸಿದ್ದರಿಂದ ಅದು ದಾಖಲೆಯಾಯಿತು, ದಾಖಲೆ ಇದ್ದದ್ದರಿಂದ ಊಹೆ ಸುಲಭವಾಯಿತು. ಊಹೆ ಎನ್ನುವುದು ಜ್ಯೋತಿಷ್ಯ ಅಲ್ಲ. ಹಿಂದಿನ ಲೆಕ್ಕ ನೋಡಿ ಮುಂದಿನದನ್ನು ಹೇಳುವುದು. ಲೆಕ್ಕದ ಪುಸ್ತಕವೇ ಇಲ್ಲದ ಅಂಗಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಲೆಕ್ಕವೇ ಇಲ್ಲದ ಹುಡುಗಿಯ ಹೆಸರನ್ನೂ ಯಾರೂ ಕೂಗುವುದಿಲ್ಲ.

ಕಂಡವರು ಮತ್ತು ಕಾಣದವರು

ಊಹೆಗಳು ಹೆಚ್ಚಾಗಿ ಎಲ್ಲಿ ತಪ್ಪುತ್ತವೆ ಎಂದು ನೋಡಿದರೂ ಇದೇ ಗೊತ್ತಾಗುತ್ತದೆ.

2023ರ ಜನವರಿ 29ರಂದು ಭಾರತದ ಹತ್ತೊಂಬತ್ತರೊಳಗಿನ ಹುಡುಗಿಯರು ದಕ್ಷಿಣ ಆಫ್ರಿಕಾದಲ್ಲಿ ಮೊದಲ ಟಿ20 ವಿಶ್ವಕಪ್ ಗೆದ್ದರು. ಎರಡು ವಾರ ಕಳೆದ ಮೇಲೆ ಹರಾಜು. ಶ್ವೇತಾ ಸೆಹ್ರಾವತ್‌ಗೆ 40 ಲಕ್ಷ, ಫೈನಲ್‌ನಲ್ಲಿ ಮಿಂಚಿದ ತಿತಾಸ್ ಸಾಧುಗೆ 25 ಲಕ್ಷ ಬಂತು. ಆ ಇಬ್ಬರನ್ನು ಊಹಿಸುವುದು ಕಷ್ಟವಿರಲಿಲ್ಲ, ಟಿವಿಯಲ್ಲಿ ಎಲ್ಲರೂ ನೋಡಿದ್ದರು. ಅದೇ ಹರಾಜಿನಲ್ಲಿ ಆರ್‌ಸಿಬಿ ಬರೀ 10 ಲಕ್ಷಕ್ಕೆ ನಮ್ಮ ರಾಜ್ಯದ ಆಫ್‌ಸ್ಪಿನ್ನರ್ ಶ್ರೇಯಾಂಕಾ ಪಾಟೀಲ್ ಅವರನ್ನು ಕೊಂಡಿತು. ಮುಂದಿನ ವರ್ಷ, 2024ರ ಮಾರ್ಚ್ 17ರ ಫೈನಲ್‌ನಲ್ಲಿ ಅವರು 12 ರನ್ ಕೊಟ್ಟು 4 ವಿಕೆಟ್ ತೆಗೆದರು. ಟೂರ್ನಿಯಲ್ಲಿ ಒಟ್ಟು 13 ವಿಕೆಟ್, ಪರ್ಪಲ್ ಕ್ಯಾಪ್ ಅವರ ತಲೆಗೆ, ಕಪ್ ಆರ್‌ಸಿಬಿಗೆ. ಕೇರಳದ ಆಶಾ ಶೋಭನಾ ಕೂಡ 10 ಲಕ್ಷದವರೇ, ವಯಸ್ಸು ಮೂವತ್ತು ದಾಟಿತ್ತು. ಚಿನ್ನಸ್ವಾಮಿಯಲ್ಲಿ ಯುಪಿ ವಿರುದ್ಧ ಐದು ವಿಕೆಟ್ ತೆಗೆದರು. 2023ರಲ್ಲಿ ಈ ಇಬ್ಬರ ಮೇಲೆ ಚೀಟಿ ಬರೆಯುವವರು ಎಷ್ಟು ಜನ ಇದ್ದರು?

2023ರ ಡಿಸೆಂಬರ್ 9ರಂದು ಕರ್ನಾಟಕದ ವೃಂದಾ ದಿನೇಶ್ ಅವರನ್ನು ಯುಪಿ 1.3 ಕೋಟಿಗೆ ಕೊಂಡಿತು, ಮೂಲಬೆಲೆ 10 ಲಕ್ಷ. ಮರುವರ್ಷದ ಹರಾಜು ನಮ್ಮ ಬೆಂಗಳೂರಿನಲ್ಲೇ, 2024ರ ಡಿಸೆಂಬರ್ 15ರಂದು. ಪಟ್ಟಿಯಲ್ಲಿ 120 ಹೆಸರು, ಖಾಲಿ ಇದ್ದ ಜಾಗ 19. ಅವತ್ತು ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ವಿದೇಶಿ ಆಟಗಾರ್ತಿಗಲ್ಲ, ಭಾರತ ತಂಡದ ತಾರೆಗೂ ಅಲ್ಲ. ಮುಂಬೈಯ ಧಾರಾವಿಯ ಸಿಮ್ರನ್ ಶೇಖ್‌ಗೆ. ಗುಜರಾತ್ ಜೈಂಟ್ಸ್ 1.9 ಕೋಟಿ ಕೊಟ್ಟಿತು. ಹತ್ತು ಲಕ್ಷದ ಹತ್ತೊಂಬತ್ತು ಪಟ್ಟು.

ಸಿಮ್ರನ್ ಕಥೆ ನಮ್ಮ ಕ್ಲಾಸಿನವರು ಚೆನ್ನಾಗಿ ತಿಳಿದುಕೊಳ್ಳಬೇಕು. ಮೊದಲ ಸೀಸನ್‌ನಲ್ಲಿ ಅವರು ಯುಪಿ ತಂಡದಲ್ಲಿದ್ದರು. ಆಮೇಲೆ ತಂಡ ಬಿಟ್ಟಿತು. 2023ರ ಡಿಸೆಂಬರ್‌ನಲ್ಲಿ ಅವರ ಹೆಸರಿಗೆ ಯಾರೂ ಕೈ ಎತ್ತಲಿಲ್ಲ. ಒಂದು ವರ್ಷ ಮುಂಬೈ ಪರ ದೇಶೀಯ ಪಂದ್ಯ ಆಡಿದರು, ಮತ್ತೆ ಪಟ್ಟಿಗೆ ಬಂದರು. ಗುಜರಾತ್ ಕೈಯಲ್ಲಿ ಆ ದಿನ 4.4 ಕೋಟಿ ಇತ್ತು, ಐದು ತಂಡಗಳಲ್ಲೇ ಹೆಚ್ಚು. ಮಧ್ಯದಲ್ಲಿ ಬಂದು ಹೊಡೆಯುವ ಭಾರತೀಯ ಆಟಗಾರ್ತಿಯರಿಗೆ ಬೇಡಿಕೆ ಇತ್ತು. ದುಡ್ಡಿದ್ದವರು, ಬೇಡಿಕೆ, ಆಟ ಮೂರೂ ಒಂದೇ ಗಂಟೆಗೆ ಕೂಡಿದವು. ಅದೃಷ್ಟ ಎನ್ನಬಹುದು. ಆದರೆ ಆ ಗಂಟೆಯಲ್ಲಿ ಆಕೆಯ ಹೆಸರು ಪಟ್ಟಿಯಲ್ಲಿ ಇದ್ದದ್ದು ಅದೃಷ್ಟ ಅಲ್ಲ. ಒಮ್ಮೆ ಬೇಡ ಎಂದವರ ಮುಂದೆ ಮತ್ತೆ ಹೆಸರು ಕೊಡುವ ಧೈರ್ಯ ಅದು. ಅದೇ ಮಧ್ಯಾಹ್ನ ತಮಿಳುನಾಡಿನ ಜಿ. ಕಮಲಿನಿಗೆ ಮುಂಬೈ 1.6 ಕೋಟಿ ಕೊಟ್ಟಿತು. ಕಮಲಿನಿಯ ವಯಸ್ಸು ಆಗ 16. ಫಸ್ಟ್ ಪಿಯುಸಿ ವಯಸ್ಸು.

ನಮ್ಮ ಹುಡುಗಿಯರಿಗೆ ಇದು ಒಗ್ಗುವುದಿಲ್ಲ ಎನ್ನುವವರಿಗೆ ಇನ್ನೊಂದು ಹೆಸರು ಹೇಳುತ್ತೇನೆ: ಕಲಬುರಗಿಯ ನೂಶಿನ್ ಅಲ್ ಖದೀರ್. ಭಾರತದ ಪರ 78 ಏಕದಿನ ಪಂದ್ಯ, 100 ವಿಕೆಟ್. ಮೇಲೆ ಹೇಳಿದ ಹತ್ತೊಂಬತ್ತರೊಳಗಿನ ವಿಶ್ವಕಪ್ ತಂಡದ ಕೋಚ್ ಅವರೇ. ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಗೆ ಬಂದದ್ದೇ 2006ರಲ್ಲಿ. ಅವರು ಆಡಿದ ಹೆಚ್ಚಿನ ವರ್ಷ ಹರಾಜೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಇನ್ನೂ ಹಿಂದೆ ಹೋದರೆ, ಭಾರತದ ಹೆಂಗಸರು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಇದೇ ಬೆಂಗಳೂರಿನಲ್ಲಿ. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಆ ಕ್ರೀಡಾಂಗಣಕ್ಕೆ ನಮ್ಮ ಕಾಲೇಜಿನಿಂದ ನಡೆದೇ ಹೋಗಬಹುದು.

ತಲೆಯ ಮೇಲಿನ ಬಟ್ಟೆ

ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಈ ವಿಷಯ ಬಿಟ್ಟು ಬರೆದರೆ ಅರ್ಧ ಬರೆದಂತೆ. ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ತಲೆಗೆ ಬಟ್ಟೆ ಹಾಕಿಕೊಂಡು ಆಡುವುದನ್ನು ತುಂಬಾ ವರ್ಷ ಬಿಟ್ಟಿರಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕತಾರ್‌ನ ಹುಡುಗಿಯರು ಹಿಜಾಬ್ ತೆಗೆಯಲು ಒಪ್ಪದೆ ಪಂದ್ಯವನ್ನೇ ಬಿಟ್ಟು ಹೋದರು. ಅಮೆರಿಕದ ಬಿಲ್ಕಿಸ್ ಅಬ್ದುಲ್ ಖಾದಿರ್ ಮ್ಯಾಸಚೂಸೆಟ್ಸ್ ರಾಜ್ಯದ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ನಲ್ಲಿ 3,070 ಅಂಕ ಗಳಿಸಿ ದಾಖಲೆ ಮಾಡಿದವರು, ಕಾಲೇಜು ಮಟ್ಟದಲ್ಲಿ ಹಿಜಾಬ್‌ನಲ್ಲೇ ಆಡಿದವರು. ಓದು ಮುಗಿಸಿ ವಿದೇಶದಲ್ಲಿ ವೃತ್ತಿಪರ ಲೀಗ್ ಆಡಬೇಕೆಂದಾಗ ಈ ನಿಯಮ ಅಡ್ಡ ಬಂತು. ಲೆಕ್ಕ ಇತ್ತು, ಆಟ ಇತ್ತು, ಪಟ್ಟಿಯಲ್ಲಿ ಜಾಗ ಇರಲಿಲ್ಲ. ಅವರೂ ಇನ್ನೂ ಹಲವರೂ ದನಿ ಎತ್ತಿದ ಮೇಲೆ ಫಿಬಾ ನಿಯಮ ಬದಲಿಸಿತು. 2017ರ ಅಕ್ಟೋಬರ್ 1ರಿಂದ ತಲೆವಸ್ತ್ರಕ್ಕೆ ಅನುಮತಿ ಇದೆ.

ಅದೇ 2017ರ ಜುಲೈನಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಪ್ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದಿತ್ತು. ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಬಿ ಡಿವಿಜನ್ ಗೆದ್ದು ಮೇಲಿನ ಡಿವಿಜನ್‌ಗೆ ಹೋಯಿತು. ಎರಡು ಅಂಕದ ಗೆಲುವು, ನಮ್ಮ ಊರಿನಲ್ಲಿ. ಆಗ ನಾವು ಪ್ರೈಮರಿ ಸ್ಕೂಲಿನಲ್ಲಿದ್ದೆವು.

ಕ್ರಿಕೆಟ್‌ನಲ್ಲೂ ಉದಾಹರಣೆ ಇದೆ. ಸ್ಕಾಟ್ಲೆಂಡ್‌ನ ಲೆಗ್‌ಸ್ಪಿನ್ನರ್ ಅಬ್ತಾಹಾ ಮಕ್ಸೂದ್ ಹಿಜಾಬ್ ಹಾಕಿಕೊಂಡೇ ಇಂಗ್ಲೆಂಡ್‌ನ ದಿ ಹಂಡ್ರೆಡ್ ಲೀಗ್‌ನಲ್ಲಿ ಆಡಿದ್ದಾರೆ. ಸಿಮ್ರನ್ ಹಿಜಾಬ್ ಇಲ್ಲದೆ ಆಡುತ್ತಾರೆ. ಯಾರು ಹೇಗೆ ಎಂಬುದು ಅವರವರಿಗೆ ಬಿಟ್ಟದ್ದು, ಅದರ ಬಗ್ಗೆ ತೀರ್ಪು ಕೊಡಲು ನಾನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳುವುದು ಇಷ್ಟೇ: ಬಟ್ಟೆಯ ಕಾರಣ ಕೊಟ್ಟು ಮೈದಾನದಿಂದ ದೂರ ಇರುವ ಕಾಲ ಈ ಎರಡು ಆಟಗಳಲ್ಲಿ ಮುಗಿದಿದೆ. ಉಳಿದಿರುವ ಅಡ್ಡಿಗಳು ಇನ್ನೂ ಹತ್ತಿರದವು.

ಹತ್ತಿರದ ಅಡ್ಡಿಗಳು

ನನ್ನ ಖಾಲಾ ಮಗಳು ಕೆ.ಆರ್. ಪುರಂನಲ್ಲಿ ಇರುತ್ತಾಳೆ. ನನಗಿಂತ ಒಂದು ವರ್ಷ ದೊಡ್ಡವಳು. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಳು, ಚೆಂಡು ತೆಗೆದುಕೊಂಡು ಹೋಗುವ ಗಾರ್ಡ್. ತಾಲ್ಲೂಕು ಮಟ್ಟದಲ್ಲಿ ಅವರ ತಂಡ ಗೆದ್ದ ಕಪ್ ಆ ಶಾಲೆಯ ಗಾಜಿನ ಬೀರುವಿನಲ್ಲಿದೆ. ಅವಳು ಎಷ್ಟು ಅಂಕ ಗಳಿಸಿದಳು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆ ದಿನದ ಸ್ಕೋರ್‌ಶೀಟ್ ಯಾರೂ ಇಟ್ಟುಕೊಂಡಿಲ್ಲ. ಪಿಯುಸಿಗೆ ಬಂದ ಮೇಲೆ ಆಟ ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಕಾಲೇಜಿನಲ್ಲಿ ತಂಡ ಇರಲಿಲ್ಲ, ಟ್ಯೂಷನ್ ಇತ್ತು, ಸಂಜೆ ತಡವಾಗುತ್ತಿತ್ತು. ಮೂರೂ ಸೇರಿ ನಿಲ್ಲಿಸಿದವು. ಅವಳು ಈಗ ಬಿ.ಕಾಂ. ಓದುತ್ತಿದ್ದಾಳೆ, ಸಂತೋಷವಾಗಿದ್ದಾಳೆ, ಶೂ ಮಂಚದ ಕೆಳಗಿದೆ.

ನಮ್ಮ ತಂದೆ ತಾಯಂದಿರ ಭಯ ಸುಳ್ಳಲ್ಲ. ನಮ್ಮ ಅಬ್ಬಾ ಶಿವಾಜಿನಗರದಲ್ಲಿ ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಅವರ ಲೆಕ್ಕ ನೇರ: "ಬೇಟಾ, ಇಡೀ ದೇಶಕ್ಕೆ ತೊಂಬತ್ತು ಸೀಟು. ಅದರಲ್ಲೂ ಫಾರಿನ್‌ನವರು. ನೀನು ಸಿಎ ಮಾಡು, ಅದರಲ್ಲಿ ಸೀಟಿಗೆ ಮಿತಿ ಇಲ್ಲ." ಈ ಮಾತಿಗೆ ನಾನು ಎದುರಾಡಲಾರೆ. ಹರಾಜಿಗಾಗಿ ಆಡಿ ಎಂದು ಯಾರಿಗಾದರೂ ಹೇಳಿದರೆ ಅದು ಲಾಟರಿ ಟಿಕೆಟ್ ಮಾರಿದ ಹಾಗೆ. ಅಮೆರಿಕದಲ್ಲೇ 2024ರಲ್ಲಿ ಇದ್ದದ್ದು 144 ಸೀಟು. ಬ್ಯಾಸ್ಕೆಟ್‌ಬಾಲ್‌ನಲ್ಲಿ ನಮ್ಮ ದೇಶದ ಹುಡುಗಿಯರಿಗೆ ಕ್ರಿಕೆಟ್‌ನಷ್ಟು ದೊಡ್ಡ ಲೀಗ್ ಕೂಡ ಇಲ್ಲ. ಕೇರಳದ ಗೀತು ಅನ್ನಾ ಜೋಸ್ 2011ರಲ್ಲಿ ಡಬ್ಲ್ಯೂಎನ್‌ಬಿಎ ತಂಡಗಳ ಟ್ರಯಲ್ಸ್‌ಗೆ ಹೋಗಿ ಬಂದರು. ಅಷ್ಟು ಒಳ್ಳೆಯ ಆಟಗಾರ್ತಿಗೂ ಇಲ್ಲಿ ಹೊಟ್ಟೆಪಾಡು ನೋಡಿಕೊಂಡದ್ದು ರೈಲ್ವೆ ಕೆಲಸ.

ಆದರೆ ಅಬ್ಬಾನ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಮೇಲಿನ ಮೆಟ್ಟಿಲಲ್ಲಿ ತೊಂಬತ್ತು ಸೀಟು ಇರಬಹುದು, ಕೆಳಗಿನ ಮೆಟ್ಟಿಲುಗಳು ಅಗಲವಾಗಿವೆ. ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸ ಇದೆ. ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟು ಇದೆ. ಡಿಗ್ರಿ ಕಾಲೇಜುಗಳಲ್ಲಿ ಆಟಗಾರ್ತಿಯರಿಗೆ ಪ್ರವೇಶ ಕೊಡುವವರು ಇದ್ದಾರೆ. ಪಿಯು ಕಾಲೇಜುಗಳಿಗೆ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಕ್ರೀಡಾಕೂಟಗಳು ಪ್ರತಿ ವರ್ಷ ನಡೆಯುತ್ತವೆ. ಕ್ರಿಕೆಟ್‌ನಲ್ಲಿ ಹದಿನೈದರೊಳಗೆ, ಹತ್ತೊಂಬತ್ತರೊಳಗೆ, ಇಪ್ಪತ್ತಮೂರರೊಳಗೆ ಎಂದು ರಾಜ್ಯ ತಂಡಗಳಿವೆ. ಇವುಗಳಲ್ಲಿ ಯಾವುದಕ್ಕೂ ಕೋಟಿ ಬೇಕಾಗಿಲ್ಲ. ಸರ್ಟಿಫಿಕೇಟ್ ಬೇಕು, ಸ್ಕೋರ್ ಬೇಕು, ಕಾಲೇಜಿನಿಂದ ಹೆಸರು ಹೋಗಿರಬೇಕು. ಹದಿನೇಳರಲ್ಲಿ ಹೆಸರು ಹೋಗದಿದ್ದರೆ ಹದಿನೆಂಟರಲ್ಲಿ ಹತ್ತೊಂಬತ್ತರೊಳಗಿನ ತಂಡದ ಬಾಗಿಲು ಅರ್ಧ ಮುಚ್ಚಿರುತ್ತದೆ. ಕಾಮರ್ಸ್ ಭಾಷೆಯಲ್ಲಿ ಇದು ವಾಯಿದೆ ಇರುವ ಹುಂಡಿ. ದಿನ ದಾಟಿದರೆ ಯಾರೂ ಹಣ ಕೊಡುವುದಿಲ್ಲ.

ಆರ್‌ಸಿಬಿ 2026ರ ಸೀಸನ್‌ಗೆ ಶ್ರೇಯಾಂಕಾ ಪಾಟೀಲ್ ಅವರನ್ನು 60 ಲಕ್ಷಕ್ಕೆ ಉಳಿಸಿಕೊಂಡಿತು. ಹತ್ತರಿಂದ ಅರವತ್ತು. ಆ ಹತ್ತಕ್ಕೂ ಮುಂಚೆ ಅವರು ಆಡಿದ ಪಂದ್ಯಗಳಿಗೆ ಬೆಲೆ ಇರಲಿಲ್ಲ. ಆದರೆ ಯಾರೋ ಅವುಗಳ ಲೆಕ್ಕ ಬರೆದಿದ್ದರು, ಯಾರೋ ಹೆಸರು ಕಳಿಸಿದ್ದರು. ನಮ್ಮಲ್ಲಿ ಇಲ್ಲದ್ದು ಆ "ಯಾರೋ".

ಕೇಳುವುದು ಮೂರು

ಕಾಲೇಜಿನ ಹಿಂಭಾಗದಲ್ಲಿ ಎರಡು ಬ್ಯಾಸ್ಕೆಟ್‌ಬಾಲ್ ಕಂಬಗಳಿವೆ. ಒಂದರ ಬಳೆಗೆ ಬಲೆ ಇಲ್ಲ, ಇನ್ನೊಂದರ ಕೆಳಗೆ ಸ್ಟಾಫಿನ ಸ್ಕೂಟರ್‌ಗಳು ನಿಲ್ಲುತ್ತವೆ. ಬಿಸಿಲಿಗೆ ಸೀಟು ಕಾಯುತ್ತದೆ, ನೆರಳು ಬೇಕು, ಅದೂ ಗೊತ್ತು. ಆದರೂ ಪ್ರಿನ್ಸಿಪಾಲ್ ಸರ್ ಮತ್ತು ಆಡಳಿತ ಮಂಡಳಿಯ ಹಿರಿಯರಲ್ಲಿ ಗೌರವದಿಂದ ಮೂರು ವಿಷಯ ಕೇಳುತ್ತೇನೆ.

ಒಂದು, ವಾರಕ್ಕೆ ಎರಡು ದಿನ ಕೊನೆಯ ಪೀರಿಯಡ್ ಆದ ಮೇಲೆ ಒಂದು ಗಂಟೆ ಆ ಜಾಗವನ್ನು ಹುಡುಗಿಯರಿಗೆ ಬಿಡಿ. ಸ್ಕೂಟರ್‌ಗಳು ಆ ಎರಡು ದಿನ ಮುಂಭಾಗದಲ್ಲಿ ನಿಲ್ಲಲಿ. ಒಂದು ಗಂಟೆ ಅಂದರೆ ಒಂದೇ ಗಂಟೆ. ನೇರಳೆ ಮಾರ್ಗದ ಮೆಟ್ರೋ ಹತ್ತುವವರು ಕೆ.ಆರ್. ಪುರಂ ತನಕ ಮಗ್ರಿಬ್‌ಗೆ ಮುಂಚೆ ಮನೆ ಸೇರುವಂತಿರಬೇಕು.

ಎರಡು, ಮುಂದಿನ ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗಿಯರ ತಂಡದ ಹೆಸರು ಕಳಿಸಿ. ಜೊತೆಗೆ ಒಬ್ಬ ಮೇಡಂ ಬರಲಿ. ಅದಕ್ಕೆ ಮುಂಚೆ ಪೋಷಕರ ಸಭೆಯಲ್ಲಿ ಎಲ್ಲಿ ಪಂದ್ಯ, ಎಷ್ಟು ಗಂಟೆಗೆ ವಾಪಸ್, ಯಾವ ಉಡುಪು ಎಂಬುದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಹೇಳಿ. ನಮ್ಮ ಅಮ್ಮಂದಿರು ಬೇಡ ಎನ್ನುವುದು ಹೆಚ್ಚಾಗಿ ಆಟಕ್ಕಲ್ಲ, ಗೊತ್ತಿಲ್ಲದ ಜಾಗಕ್ಕೆ.

ಮೂರು, ಒಂದು ಸ್ಕೋರ್‌ಬುಕ್. ನೂರಿನ್ನೂರು ರೂಪಾಯಿಯ ಪುಸ್ತಕ. ಕಾಲೇಜಿನೊಳಗಿನ ಚಿಕ್ಕ ಪಂದ್ಯವಾದರೂ ತಾರೀಕು, ಹೆಸರು, ಅಂಕ ಬರೆದು ಇಡಬೇಕು. ಬರೆದ ಪುಸ್ತಕ ಲೈಬ್ರರಿಯಲ್ಲಿರಬೇಕು, ಯಾರು ಬೇಕಾದರೂ ತೆಗೆದು ನೋಡುವಂತೆ. ಬರೆಯುವ ಕೆಲಸ ನಾನು ಮತ್ತು ನನ್ನ ಬೆಂಚಿನ ಗೆಳತಿ ಮಾಡುತ್ತೇವೆ. ನನಗೆ ಆಟ ಅಷ್ಟಾಗಿ ಬರುವುದಿಲ್ಲ, ಲೆಕ್ಕ ಬರುತ್ತದೆ. ನಾವು ಪರೀಕ್ಷೆ ಬರೆದು ಹೊರಟ ಮೇಲೆ ಫಸ್ಟ್ ಪಿಯುಸಿಯ ಇಬ್ಬರು ಅದನ್ನು ತೆಗೆದುಕೊಳ್ಳಬೇಕು. ಒಪ್ಪುವವರು ಲೈಬ್ರರಿಯಲ್ಲಿ ಬಂದು ಹೆಸರು ಕೊಡಿ.